ಮಾಳಿಗೆಯ ಮಣ್ಣು

ಮುಂಗಾರಿನ ಮೊದಲ ಮೋಡ ಕಾಣಿಸುವ ಮುಂಚೆ ಮನೆಯ ಮೇಲಿನ ಮಣ್ಣಿನ ಮಾಳಿಗೆಗೆ ನಾಲ್ಕು ಬಿದಿರ ಪುಟ್ಟಿ ಚೌಳು ಮಣ್ಣು ಹಾಕಿ ಬಡಿಯುವುದು ನಮ್ಮ ಮದ್ದಿಕೇರದ ಕಡೆಯ ಹಳೆಯ ರೂಢಿ. ಮನೆ ಸೋರಬಾರದೆಂದು ಅಜ್ಜ ಹಾಕಿದ, ಅಪ್ಪ ಹಾಕಿದ. ಹಳೆಯದನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಮತೆಯ ಸ್ವಭಾವವೇ ಅಂಥದ್ದು, ಮಿತ್ರರೇ. ಕೂಡಿಸುವುದು ಅದಕ್ಕೆ ಗೊತ್ತು, ಕಳೆಯುವುದು ಬಾರದು. ಹೋದ ಬೇಸಿಗೆಯಲ್ಲಿ ಮಣ್ಣು ಹಾಕಿ ಇಳಿದ ಅಪ್ಪ ಆ ಮಳೆಗಾಲವನ್ನು ಪೂರ್ತಿ ನೋಡಲಿಲ್ಲ.

ಈ ವರ್ಷ ಆ ಕೆಲಸಕ್ಕೆ ಗಾರೆ ಮೇಸ್ತ್ರಿ ಈರಣ್ಣನನ್ನು ಕರೆಸಿದೆ. ಹರೆಯದಲ್ಲಿ ಆತ ಉತ್ತರದ ಕಡೆಗೆ ಹೋಗಿ, ಭೂಕಂಪದಲ್ಲಿ ನೆಲಸಮವಾಗಿದ್ದ ಒಂದು ಪಟ್ಟಣವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಎರಡು ವರ್ಷ ದುಡಿದು ಬಂದವನು. ಅಲ್ಲಿಯೂ ನಮ್ಮಂತೆಯೇ ಎರೆಭೂಮಿ, ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ನೆಲ ನಡುಗಿದ್ದು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ಮಕ್ಕಳು ನೆನೆಯಬಾರದೆಂದು ತಲೆಮಾರುಗಳಿಂದ ಹೇರಿದ್ದ ಮಣ್ಣೇ ಮಕ್ಕಳ ಮೇಲೆ ಕುಸಿಯಿತಂತೆ.

ಪಟ್ಟಣವೊಂದು ಮತ್ತೆ ಏಳುವುದೆಂದರೆ ಸಿಮೆಂಟು, ಕಬ್ಬಿಣ, ನಕ್ಷೆ, ಕೊನೆಗೊಂದು ಉದ್ಘಾಟನೆಯ ಹಾರ ಎಂದು ನಾನು ತಿಳಿದಿದ್ದೆ. ಈರಣ್ಣ ಕಂಡದ್ದು ಬೇರೆ. ಹೊಸ ಮನೆಗಳು ಸಾಲಾಗಿ ನಿಂತವು, ಪೂಜೆಯೂ ಆಯಿತು. ಜನ ಮಾತ್ರ ಅಂಗಳದ ತಗಡಿನ ಆಸರೆ ಬಿಟ್ಟು ಒಳಗೆ ಮಲಗಲು ಒಲ್ಲೆವೆಂದರು. ಕಡೆಗೊಬ್ಬ ಮುದುಕಿ, ಕಟ್ಟಿದವನು ನೀನು, ಮೊದಲು ನೀನೇ ಮಲಗು ಎಂದಳಂತೆ. ಮಧ್ಯಾಹ್ನ ಉಂಡು ಈತ ಒಳಗೆ ಅಡ್ಡಾದ. ಆಕೆ ಹೊಸ್ತಿಲಲ್ಲಿ ಕೂತು ಚಾವಣಿಯನ್ನೇ ಕಾಯ್ದಳು. ಈತನಿಗೆ ಎಚ್ಚರವಾದಾಗ ಮುದುಕಿ ಒಳಗಿನ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಮರುದಿನದಿಂದ ಓಣಿಯವರೆಲ್ಲ ತಮ್ಮ ಮನೆಯಲ್ಲೂ ಮೊದಲು ಮಲಗೆಂದು ಈತನನ್ನು ಸರದಿಯ ಮೇಲೆ ಕರೆಯತೊಡಗಿದರು.

“ಆ ವರ್ಸ ನಾ ಕಟ್ಟಿದ್ದಕ್ಕಿಂತ ಮಲಗಿದ್ದ ಹೆಚ್ಚು ನೋಡ್ರಿ,” ಎಂದು ಈರಣ್ಣ ನಕ್ಕ. ನನಗೆ ನಗು ಬರಲಿಲ್ಲ. ಬಿದ್ದ ಊರಿನ ಜನರಿಗೆ ಅಂಜಿಕೆಯಿಲ್ಲದ ಒಂದು ನಿದ್ದೆ ಬರಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ.

ಆಮೇಲೆ ಆತ ನಮ್ಮ ಮಾಳಿಗೆ ಹತ್ತಿ, ಸಲಾಕೆ ಇಳಿಸಿ ಅಳೆದ.

“ಒಂದೂವರಿ ಮೊಳ ಐತ್ರಿ. ಗೇಣು ಬಿಟ್ಟು ಉಳಿದಿದ್ದೆಲ್ಲ ಇಳಸಬೇಕು. ಭೂಮಿ ನಡುಗೋದು ಬ್ಯಾಡ, ಒಂದು ಜೋರು ಮಳಿ ಸಾಕು.”

ಅವ್ವ ಒಪ್ಪಲಿಲ್ಲ. “ಮ್ಯಾಲಿಂದು ಇವನ ಅಪ್ಪ ಹಾಕಿದ್ದು. ಎದಿ ನೋವು ಅನಕೋತನ ಹತ್ತಿ ಹಾಕ್ಯಾರ. ಅದಕ್ಕ ಸಲಿಕಿ ಹಚ್ಚಬ್ಯಾಡ.”

ಈರಣ್ಣ ವಾದಿಸದೆ ಏಣಿ ಇಳಿದ. ಅವ್ವ ಆತನಿಗೆ ರೊಟ್ಟಿ ಬಡಿಸಿ, ಮಲಗಲೆಂದು ನಡುಮನೆಯಲ್ಲಿ ಫ್ಯಾನಿನ ಕೆಳಗೆ, ನನ್ನ ಪುಟ್ಟ ಮಗಳು ಮಲಗಿದ್ದ ಪಕ್ಕಕ್ಕೇ ಚಾಪೆ ಹಾಸಿದಳು. ಆತ ಚಾಪೆ ಸುತ್ತಿಕೊಂಡು ಬಿಸಿಲಲ್ಲಿ ಬೇವಿನ ಮರದ ಕಡೆಗೆ ನಡೆದ.

“ಒಳಗ ಫ್ಯಾನ್ ಐತಲ್ಲ ಈರಣ್ಣ?”

“ಈ ಮಾಳಿಗಿ ಕೆಳಗ ನನಗ ನಿದ್ದಿ ಬರಂಗಿಲ್ಲ, ಅವ್ವ.”

ಅವ್ವ ಬಾಗಿಲಲ್ಲೇ ನಿಂತಳು. ಒಮ್ಮೆ ಮೇಲೆ ನೋಡಿದಳು, ಒಮ್ಮೆ ನಿದ್ದೆಯಲ್ಲಿದ್ದ ಮೊಮ್ಮಗಳನ್ನು. ನಂತರ ಮಗುವನ್ನು ಎತ್ತಿ ತಂದು ಈರಣ್ಣನ ಪಕ್ಕದ ನೆರಳಲ್ಲಿ ಮಲಗಿಸಿ, ಸೆರಗು ಸಿಕ್ಕಿಸಿ, ತಾನೇ ಏಣಿ ಹತ್ತಿದಳು. ಸಲಿಕೆಯ ಸದ್ದು ಕೇಳಿ ನಾನು ಏಣಿಯ ಬುಡಕ್ಕೆ ಓಡಿಹೋದೆ. ಮೊದಲ ಪುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಆಕೆ ಕೆಳಗೆ ಬಾಗಿದ್ದಳು.

“ನಿಮ್ಮಪ್ಪಂದು,” ಎಂದಳು. “ಚೆಲ್ಲಬ್ಯಾಡ, ಹಗೂರಕ ಇಳಸು.”