ಚೀನಾ ಬಲ್ಲ ಮಾಸ್ತರ

ಜಮಖಂಡಿಯಲ್ಲಿ ನಮ್ಮ ಮನೆತನದವರು ಮೂರು ತಲೆಮಾರು ಸಂಸ್ಥಾನದ ಕಚೇರಿಯಲ್ಲಿ ಬರೆದುಕೊಂಡು ಬದುಕಿದವರು. ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಬರೆಯುವ ಕೆಲಸ ಹೋಯಿತು, ಎಲ್ಲ ಬಲ್ಲೆವೆಂಬ ಸೊಕ್ಕು ಮಾತ್ರ ಉಳಿಯಿತು. ಆ ಸೊಕ್ಕನ್ನು ಟ್ರಂಕಿನಲ್ಲಿ ಅಂಗಿ ಧೋತರಗಳ ಜೊತೆ ಇಟ್ಟುಕೊಂಡು ನಾನು ಬನಹಟ್ಟಿಗೆ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಹೋದೆ. ಆಗ ನನಗೆ ಇಪ್ಪತ್ತಮೂರು.

ನಾನು ಬಾಡಿಗೆಗೆ ಹಿಡಿದ ಕೋಣೆ ಒಬ್ಬ ನೇಕಾರ ಹೆಂಗಸಿನ ಮನೆಯಲ್ಲಿತ್ತು. ಐವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡ ಮೇಲೆ ಅವನ ಕುಣಿಮಗ್ಗಕ್ಕೆ ಅವಳೇ ಇಳಿದಿದ್ದಳು. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ತುಳಿಯುತ್ತ ನೇಯುವ ಮಗ್ಗ ಅದು. ಅದೇ ಪಡಸಾಲೆಯಲ್ಲಿ ಅವಳ ಇಬ್ಬರು ಮೈದುನರ ಮಗ್ಗಗಳೂ ಇದ್ದವು. ಮಗಳು ಗೋಡೆಗೆ ಆತು ಕೂತು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

ಮುಂಬಯಿಯ ಮರಾಠಿ ಪೇಪರು ಬನಹಟ್ಟಿಗೆ ಮರುದಿನದ ಬಸ್ಸಿನಲ್ಲಿ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಹೊಸ್ತಿಲ ಹತ್ತಿರ ಕೂತು ಅದನ್ನು ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದುವುದು ರೂಢಿಯಾಯಿತು. ಮಗ್ಗದ ಸಪ್ಪಳದಲ್ಲಿ ಅರ್ಧ ಮಾತು ಮುಳುಗಿಹೋಗುತ್ತಿತ್ತು. ಬೇಕಾದ ಸುದ್ದಿ ಬಂತೆಂದರೆ ಮಗ್ಗ ನಿಲ್ಲಿಸುವರು, ಬೇಡವಾದರೆ ಲಾಳಿ ಒಗೆಯುತ್ತಲೇ ಇರುವರು. ಮಂತ್ರಿ ಸತ್ತರೂ ನಿಲ್ಲದ ಮಗ್ಗ ನೂಲಿನ ಸುದ್ದಿಗೆ ಗಪ್ಪನೆ ನಿಲ್ಲುತ್ತಿತ್ತು. ಮೂರೂ ಒಮ್ಮೆಲೇ ನಿಂತರೆ ನನಗೆ ಸಭೆ ಗೆದ್ದಷ್ಟು ಹಿಗ್ಗು. ಹಾಗೆ ನಿಲ್ಲಿಸಬೇಕೆಂದೇ ಸುದ್ದಿಗೆ ಉಪ್ಪು ಖಾರ ಹಚ್ಚುವ ಚಟ ಬಿತ್ತು.

ಚೀನಾದ ಸುದ್ದಿಗೆ ಮೂರೂ ನಿಲ್ಲುತ್ತಿದ್ದವು. ಅದು ಹಿಂದೀ ಚೀನೀ ಭಾಯಿ ಭಾಯಿ ಎನ್ನುವ ಕಾಲ. ಪಂಚಶೀಲ ಎಂದರೇನು ಎಂದು ಕೇಳಿದರು. ಒಬ್ಬರ ಮನೆಯೊಳಗೆ ಇನ್ನೊಬ್ಬರು ಕೈಹಾಕದೆ ಬಾಳುವುದು ಎಂದೆ.

"ಹಂಗಾದ್ರ ಅವರ ಮನ್ಯಾಗ ಏನ್ ನಡದೈತಿ ಅಂತ ನಿಮಗ ಹೆಂಗ ಗೊತ್ತಾತ್ರಿ ಮಾಸ್ತರ?" ಎಂದು ಸಣ್ಣ ಮೈದುನ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ, ಮುಖ ಗಂಟಿಕ್ಕಿಕೊಂಡು ಚೀನಾದ ಉಕ್ಕು, ಅಣೆಕಟ್ಟು, ಪಂಚವಾರ್ಷಿಕ ಯೋಜನೆ ಎಲ್ಲ ಓದಿ ಹೇಳಿದೆ. ಅಲ್ಲಿ ರೈತರೂ ನೇಕಾರರೂ ಸಂಘ ಕಟ್ಟಿ ಒಟ್ಟಿಗೆ ದುಡಿಯುತ್ತಾರೆಂದು ಹೇಳಿದೆ. ಅಷ್ಟು ಪೇಪರಿನಲ್ಲಿತ್ತು.

ಅದೇ ದಿನಗಳಲ್ಲಿ ಊರಲ್ಲೂ ಒಂದು ಸಂಘ ಎದ್ದಿತ್ತು. ಮನೆಮನೆಯ ಮಗ್ಗ ಕಿತ್ತು ತಂದು ಊರ ಹೊರಗಿನ ಒಂದೇ ಶೆಡ್ಡಿನಲ್ಲಿ ಹೂಡಬೇಕು, ನೂಲು ಒಟ್ಟಿಗೆ ತರಬೇಕು, ಮಗ್ಗ ಸಂಘದ್ದಾಗಬೇಕು. ಮೈದುನರು ಆಗಲಿ ಎಂದಿದ್ದರು. ಅವಳಿಗೆ ಮನಸ್ಸು ಹೊಯ್ದಾಡುತ್ತಿತ್ತು. ಗಂಡ ಬಿಟ್ಟುಹೋದದ್ದು ಅದೊಂದೇ, ಮಗಳ ಅನ್ನವೂ ಅದರಿಂದಲೇ.

ಒಂದು ಸಂಜೆ ಅವಳ ಮಗ್ಗವೊಂದೇ ನಿಂತಿತು.

"ಮಾಸ್ತರ್ರ, ಚೀನಾದಾಗ ಸಂಘಕ್ಕ ಕೂಡಿದಾಕಿ, ನನಗ ಹೊಂದಲಿಲ್ಲ ಅಂದ್ರ ತನ್ನ ಮಗ್ಗ ತಿರುಗಿ ಮನಿಗೆ ಒಯ್ಯಬಹುದೇನ್ರಿ?"

ಪೇಪರಿನಲ್ಲಿ ಆ ಬಗ್ಗೆ ಒಂದಕ್ಷರ ಇರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಮೂರು ತಲೆಮಾರಿನ ಸೊಕ್ಕು ಬಾಯಿ ತೆರೆಯಿತು.

"ಒಯ್ಯಬಹುದು ಯವ್ವಾ. ಅಲ್ಲಿ ಯಾರ ಮ್ಯಾಲೂ ಜುಲುಮಿ ಇಲ್ಲ."

"ಹಂಗಾದ್ರ ಆತು. ಅಷ್ಟು ದೊಡ್ಡ ದೇಶದಾಗ ನಡೀತೈತಿ ಅಂದ್ರ ಇಲ್ಲೂ ಹಂಗ ಇರಬೇಕು," ಎಂದು ಅವಳು ಲಾಳಿ ಕೈಗೆತ್ತಿಕೊಂಡಳು.

ಆ ರವಿವಾರ ಜಮಖಂಡಿಗೆ ಹೋದೆ. ನಿಯೋಗದಲ್ಲಿ ಚೀನಾ ನೋಡಿಬಂದ ಗೃಹಸ್ಥರೊಬ್ಬರ ಭಾಷಣವಿತ್ತು. ಮನೆಯಲ್ಲಿ ಊಟ ಬಿಟ್ಟು ಓಡಿದೆ. ನಾನು ಆಡಿದ ಮಾತು ನಿಜವೆಂದು ಯಾರಾದರೂ ಹೇಳಿದರೆ ಸಾಕಿತ್ತು. ಅವರು ಅಲ್ಲಿಯ ಗಿರಣಿ, ಸ್ವಚ್ಛ ಬೀದಿ, ನಗುಮುಖದ ಮಕ್ಕಳು ಎಲ್ಲವನ್ನೂ ಚಂದವಾಗಿ ಹೇಳಿದರು. ಕೊನೆಗೆ ನಾನು ಎದ್ದು ನಿಂತು ಅವಳ ಪ್ರಶ್ನೆಯನ್ನೇ ಕೇಳಿದೆ.

ಅವರು ನಕ್ಕರು. "ತಮ್ಮಾ, ಅಲ್ಲೆ ಸಂಘ ಬಿಡಬೇಕು ಅನ್ನವರ ಒಬ್ಬರೂ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದವರು ಹೆಗಲು ಹಿಡಿದು ಕೂರಿಸಿದರು. ಕೂತ ಮೇಲೆ ನನಗೆ ಹೊಳೆಯಿತು. ನಾನು ಕೇಳಿದ್ದು ಬಿಡಬಹುದೇ ಎಂದು, ಅವರು ಹೇಳಿದ್ದು ಯಾರಿಗೂ ಬಿಡುವ ಮನಸ್ಸಿಲ್ಲ ಎಂದು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನೋಡಿದ್ದನ್ನು ಹೇಳಿದರು, ತೋರಿಸಿದ್ದನ್ನು ನೋಡಿದ್ದರು. ಆಮೇಲೆ ಜೀವನದುದ್ದಕ್ಕೂ ಚೀನಾದ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ, ಹೊಗಳಿದ್ದನ್ನೂ ತೆಗಳಿದ್ದನ್ನೂ. ಎರಡರಲ್ಲೂ ಆ ಹೆಂಗಸಿನ ಪ್ರಶ್ನೆಗೆ ಉತ್ತರವನ್ನೇ ಮೊದಲು ಹುಡುಕುತ್ತೇನೆ.

ಮರುದಿನ ಬೆಳಗಿನ ಬಸ್ಸಿಗೆ ಬನಹಟ್ಟಿಗೆ ಬಂದೆ. ಪಡಸಾಲೆಯಲ್ಲಿ ಅವಳ ಮಗ್ಗ ಇರಲಿಲ್ಲ. ಕಟ್ಟಿಗೆಗಳನ್ನೆಲ್ಲ ಬಿಚ್ಚಿ ಅಂಗಳದಲ್ಲಿ ಜೋಡಿಸಿದ್ದರು, ಮಧ್ಯಾಹ್ನ ಬಂಡಿ ಬರುವುದಿತ್ತು. ಕುಣಿಗೆ ಮಗಳು ಮಣ್ಣು ತುಂಬುತ್ತಿದ್ದಳು, ಅರ್ಧ ಮುಚ್ಚಿತ್ತು. ಚೀಲ ಇಳಿಸುವ ಮೊದಲೇ ಹೇಳಿಬಿಟ್ಟೆ.

"ಯವ್ವಾ, ನಾ ಸುಳ್ಳ ಹೇಳೀನಿ. ಪೇಪರಿನ್ಯಾಗ ಹಂಗ ಇರಲಿಲ್ಲ. ನನಗ ಗೊತ್ತಿಲ್ಲ."

ಅವಳು ಬೈಯುವಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಮಗಳ ಕೈಯಿಂದ ಬುಟ್ಟಿ ಇಸಿದುಕೊಂಡು ಕೆಳಗಿಟ್ಟಳು, ಸೆರಗು ಸರಿ ಮಾಡಿಕೊಂಡು ಸಂಘದ ಸೆಕ್ರೆಟರಿಯ ಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಅದೇ ಪ್ರಶ್ನೆ ಕೇಳಿದಳು.

"ಏ ತಂಗೀ, ಯಾಕ ಬಿಡ್ತಿ? ಯಾರಿಗೂ ಬಿಡು ಮನಸ ಇಲ್ಲ," ಎಂದ ಅವನು, ಅದೇ ನಗು ನಗುತ್ತ.

"ಮನಸ ಕೇಳಿಲ್ರಿ ನಾ. ಕಾಗದದಾಗ ಏನ್ ಬರದೀರಿ ಅದನ್ನ ಹೇಳ್ರಿ."

ಕಾಗದದಲ್ಲಿ ಏನೂ ಬರೆದಿರಲಿಲ್ಲ. ಮನೆಗೆ ಬಂದವಳೇ ಕುಣಿಗಿಳಿದು ಮಣ್ಣು ಹೊರಗೆ ಹಾಕತೊಡಗಿದಳು. ನಾನು ಸಲಿಕೆ ಹಿಡಿದೆ, ಅವಳು ಬೇಡವೆನ್ನಲಿಲ್ಲ. ಮೈದುನರು ಶೆಡ್ಡಿಗೆ ಹೋದರು, ಹಲವು ವರ್ಷ ಚೆನ್ನಾಗಿಯೇ ದುಡಿದರು. ಅವಳು ಸೇರಿದ್ದರೂ ಕೆಡುತ್ತಿರಲಿಲ್ಲವೇನೋ, ಬಲ್ಲವರಾರು.

ಎಂಟು ದಿನ ಅವಳು ನನ್ನಿಂದ ಪೇಪರು ಓದಿಸಲಿಲ್ಲ. ಒಂಬತ್ತನೆಯ ದಿನ ಪೇಪರು ತೆಗೆದುಕೊಂಡು ಹೊಸ್ತಿಲ ಹತ್ತಿರ ಅಂಜುತ್ತ ಕೂತೆ. ಓದಿ ಎಂದು ಗೋಣು ಹಾಕಿದಳು. ಮೊದಲ ಸುದ್ದಿ ಮುಗಿಸುವುದರೊಳಗೆ ಅವಳು ತಡೆದು ಕೇಳಿದಳು:

"ಇದು ಪೇಪರಿನ್ಯಾಗಿಂದೋ, ನಿಮ್ಮದೋ?"

ಆ ಮನೆಯಲ್ಲಿದ್ದ ನಾಲ್ಕು ವರ್ಷವೂ ಪ್ರತಿ ಸುದ್ದಿಗೆ ಅದನ್ನು ಕೇಳಿದಳು, ಪ್ರತಿ ಸಲವೂ ನಾನು ಉತ್ತರ ಕೊಟ್ಟೆ.