ತೊಂಬತ್ತು ಸೆಕೆಂಡಿನ ಕೆಂಪು ಗುರುತು

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಚೀಟಿ ಮೇಡಂ ಎನ್ನುತ್ತಿದ್ದರು. ಅದೂ ಬೆನ್ನ ಹಿಂದೆ. ಎದುರಿಗೆ ತಮಾಷೆ ಮಾಡುವಷ್ಟು ಸಲಿಗೆ ಅವಳ ಹತ್ತಿರ ಯಾರಿಗೂ ಇರಲಿಲ್ಲ. ತರಗತಿಯ ಪರದೆ ಕೈಕೊಟ್ಟರೆ ಬರುತ್ತಿದ್ದಳು, ಮೇಜಿನ ಕೆಳಗೆ ನುಸುಳಿ ಏನೋ ತಿರುವುತ್ತಿದ್ದಳು, ಮೇಷ್ಟ್ರು ಥ್ಯಾಂಕ್ಸ್ ಎನ್ನಲು ತಿರುಗುವಷ್ಟರಲ್ಲಿ ಮಾಯವಾಗಿರುತ್ತಿದ್ದಳು. ಮೇಜಿನ ಮೇಲೆ ಒಂದು ಚೀಟಿ ಮಾತ್ರ ಉಳಿದಿರುತ್ತಿತ್ತು: 'ನೀಲಿ ತಂತಿ ಸಡಿಲವಾಗಿತ್ತು. ಮತ್ತೆ ಹೋದರೆ ಒಮ್ಮೆ ಒತ್ತಿ ನೋಡಿ.'

ಇಂಥವರ ಬಗ್ಗೆ ನಮ್ಮ ಜನಕ್ಕೆ ಎರಡೇ ಅಭಿಪ್ರಾಯ. ಒಂದೋ ಜಂಬ, ಇಲ್ಲವೇ ಪೆದ್ದುತನ. ಎರಡೂ ಅಲ್ಲ ಸ್ವಾಮಿ. ನಾಲ್ಕು ಜನ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಅವಳ ನಾಲಿಗೆ ಒಣಗಿಹೋಗುತ್ತಿತ್ತು. ಒಬ್ಬಳೇ ಇದ್ದಾಗ ಸರಾಗವಾಗಿ ಓಡುವ ತಲೆ, ಎದುರಿಗೆ ಮುಖಗಳು ಕಂಡರೆ ನಿಂತುಬಿಡುತ್ತಿತ್ತು. ಅದು ಹುಟ್ಟುಗುಣ, ಅದಕ್ಕೇನು ಮಾಡುವುದು?

ಹದಿನಾರು ವರ್ಷದ ಹಿಂದೆ ಕಂಪ್ಯೂಟರ್ ಲ್ಯಾಬಿನ ಸಹಾಯಕಿಯಾಗಿ ಸೇರಿದವಳು. ಧೂಳು ಒರೆಸುವುದು, ಮೌಸ್ ಎಣಿಸುವುದು, ಸಂಜೆ ಬೀಗ ಹಾಕುವುದು ಅವಳ ಕೆಲಸವಾಗಿತ್ತು. ಯಾರೂ ಹೇಳದೆಯೇ ಅವಳು ಇನ್ನೊಂದು ಕೆಲಸ ಹಿಡಿದಳು. ಬಿಡುವಿದ್ದಾಗ ಯಾವುದಾದರೂ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕೂರುವುದು, ಪಾಠ ಮಾಡುವವರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡುವುದು, ಆಮೇಲೆ ಅಷ್ಟನ್ನು ಮಾತ್ರ ಸರಿಮಾಡಿಕೊಡುವುದು. ಕಂಪ್ಯೂಟರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬಂತೆ ದೂರ ನಿಲ್ಲುತ್ತಿದ್ದ ಗಣಿತದ ಮೇಷ್ಟ್ರು ಕೂಡ ಎರಡು ವರ್ಷದಲ್ಲಿ ಪರದೆಯ ಮೇಲೆ ವೃತ್ತ ಎಳೆಯತೊಡಗಿದರು. ಹೀಗೆ ಸಹಾಯಕಿಯಾಗಿದ್ದವಳು ಕಲಿಕಾ ತಂತ್ರಜ್ಞಾನದ ತಜ್ಞೆಯಾದಳು. ಅಲ್ಲಿಗೆ ನಿಂತಳು. ವಿಭಾಗದ ಮುಖ್ಯಸ್ಥರ ಕುರ್ಚಿ ಎರಡು ಸಲ ಖಾಲಿಯಾಯಿತು, ಎರಡು ಸಲವೂ ಹೊರಗಿನಿಂದ ಯಾರೋ ಮಾತುಗಾರರು ಬಂದು ಕೂತರು. "ಕೆಲಸದಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ. ಆದ್ರೆ ಸ್ವಲ್ಪ ಮಾತಾಡೋದು ಕಲೀರಿ" ಎಂದು ಪ್ರಾಂಶುಪಾಲರು ಎರಡೂ ಸಲ ಅದೇ ಮಾತು ಹೇಳಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಬಡ್ತಿ ಕೊಡುವವರ ಅಂಗಡಿಯಲ್ಲಿ ಮಾತ್ರ ಬಂಗಾರಕ್ಕೆ ಬೆಲೆಯೇ ಇಲ್ಲ.

ಮೂರನೆಯ ಸಲ ಕುರ್ಚಿ ಖಾಲಿಯಾದ ವರ್ಷವೇ ಕಾಲೇಜು ಪರೀಕ್ಷೆಗಳನ್ನು ಕಂಪ್ಯೂಟರಿಗೆ ತಂದಿತು. ಹೊಣೆ ಅವಳದು, ಈ ಸಲ ಕುರ್ಚಿಯೂ ಅವಳಿಗೇ ಎಂದು ತೀರ್ಮಾನವಾಗಿತ್ತು. ಕಾವಲಿಗೆಂದು ಒಂದು ತಂತ್ರಾಂಶ ಕೊಂಡಿದ್ದರು. ಬರೆಯುವ ಹುಡುಗ ಹುಡುಗಿಯರು ಕೀಲಿಮಣೆ ಮುಟ್ಟದೆ ತುಂಬ ಹೊತ್ತು ಕೂತರೆ ಪಕ್ಕದವರದ್ದು ನೋಡುತ್ತಿದ್ದಾರೆಂದು ಅದು ಲೆಕ್ಕ ಹಾಕಿ ಕೆಂಪು ಗುರುತು ಒತ್ತುತ್ತಿತ್ತು. ಮೂರು ಗುರುತು ಬಿದ್ದರೆ ನಕಲು. ತುಂಬ ಹೊತ್ತು ಎಂದರೆ ಎಷ್ಟು ಎಂದು ತಂತ್ರಾಂಶದವರು ಇಟ್ಟು ಕೊಟ್ಟಿದ್ದನ್ನು ಅವಳು ಕಾಲೇಜಿಗೆ ತಕ್ಕ ಹಾಗೆ ಬದಲಿಸಬಹುದಿತ್ತು. ಲ್ಯಾಬಿನ ನಾಲ್ವರು ಸಿಬ್ಬಂದಿಯನ್ನು ಕೂರಿಸಿ, ತಾನೂ ಕೂತು, ಎಲ್ಲರೂ ನೋಡಿದ್ದ ಹಳೆಯ ಪ್ರಶ್ನೆಪತ್ರಿಕೆ ಬರೆಸಿ ನೋಡಿದಳು. ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಕೈ ನಿಲ್ಲಿಸಲಿಲ್ಲ. ಇನ್ನೂ ಅರ್ಧ ನಿಮಿಷ ಸೇರಿಸಿ ತೊಂಬತ್ತು ಸೆಕೆಂಡು ಎಂದು ಹಾಕಿದಳು.

ಗಣಿತದ ಪರೀಕ್ಷೆಯಲ್ಲಿ ಇಪ್ಪತ್ತೇಳು ಮಂದಿ ಸಿಕ್ಕಿಬಿದ್ದರು. ಇಪ್ಪತ್ತೇಳೂ ಮನೆಗೆ ಮೊಬೈಲಿನಲ್ಲಿ ತಂತಾನೇ ಸಂದೇಶ ಹೋಯಿತು: ನಿಮ್ಮ ಮಗು ನಕಲು ಮಾಡಿದೆ, ಫಲಿತಾಂಶ ರದ್ದಾಗಲಿದೆ, ಗುರುವಾರ ಹನ್ನೊಂದಕ್ಕೆ ಬನ್ನಿ. ರದ್ದಾದರೆ ಒಂದು ವರ್ಷ ಪೂರ್ತಿ ಹಾಳು.

ಬುಧವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಅವಳು ಒಂದು ತಂತಿಗಾಗಿ ಪರೀಕ್ಷಾ ವಿಭಾಗಕ್ಕೆ ಹೋದಳು. ಅಲ್ಲಿನ ಜವಾನ ಕಾಗದದ ಕಟ್ಟುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಏನಿದು?" ಎಂದಳು.

"ಗಣಿತದವರು ಕಚ್ಚಾ ಲೆಕ್ಕ ಮಾಡಿದ ಹಾಳೆ ಮೇಡಂ. ರದ್ದಿಗೆ."

ಸುಮ್ಮನೆ ಒಂದು ಹಾಳೆ ಎತ್ತಿ ನೋಡಿದಳು. ಎರಡೂ ಮಗ್ಗುಲು ಇರುವೆ ಸಾಲಿನ ಹಾಗೆ ಲೆಕ್ಕ. ಮೇಲೆ ಬರೆದಿದ್ದ ನಂಬರು ಎಲ್ಲೋ ನೋಡಿದ ಹಾಗಿತ್ತು. ಮೊಬೈಲಿನಲ್ಲಿ ಸಿಕ್ಕಿಬಿದ್ದವರ ಪಟ್ಟಿ ತೆರೆದಳು, ಇತ್ತು. ಇನ್ನೊಂದು ತೆಗೆದಳು, ಅದೂ ಇತ್ತು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಇಪ್ಪತ್ತೇಳನ್ನೂ ಹುಡುಕಿ ತೆಗೆದಳು. ಒಂದೂ ಖಾಲಿ ಇರಲಿಲ್ಲ. ಆ ಮಕ್ಕಳು ಕೀಲಿಮಣೆ ಬಿಟ್ಟು ಕಾಗದದ ಮೇಲೆ ಲೆಕ್ಕ ಮಾಡುತ್ತಿದ್ದರು. ಉತ್ತರ ಮೊದಲೇ ಗೊತ್ತಿದ್ದ ಐದು ಜನ ಕೂತು ಬರೆದು ನೋಡಿದರೆ, ಯೋಚಿಸುವವರಿಗೆ ಎಷ್ಟು ಹೊತ್ತು ಬೇಕೆಂದು ಹೇಗೆ ತಿಳಿಯಬೇಕು? ಬಾಯಿಬಿಡದೆ ಕೂತವರನ್ನು ಜನ ಏನೆಂದುಕೊಳ್ಳುತ್ತಾರೆ ಎಂಬುದನ್ನು ಜೀವಮಾನವಿಡೀ ಅನುಭವಿಸಿದವಳು, ಸುಮ್ಮನೆ ಕೂತವರೆಲ್ಲ ಕಳ್ಳರು ಎನ್ನುವ ಯಂತ್ರವನ್ನು ತನ್ನ ಕೈಯಾರೆ ಅಣಿಮಾಡಿದ್ದಳು.

ಪ್ರಾಂಶುಪಾಲರ ಕೋಣೆ ಅಲ್ಲಿಂದ ಮೂವತ್ತು ಹೆಜ್ಜೆ. ಹೋದಳು. ಬಾಗಿಲ ಹತ್ತಿರ ಒಳಗಿನ ನಗು ಕೇಳಿಸಿತು, ಯಾರೋ ನಾಲ್ಕೈದು ಜನ ಇದ್ದರು. ಎತ್ತಿದ ಕೈ ಬಾಗಿಲು ತಟ್ಟಲಿಲ್ಲ. ತನ್ನ ಮೇಜಿಗೆ ಬಂದು ಮೂರು ಪುಟದ ಇಮೇಲ್ ಬರೆದಳು. ಅಷ್ಟು ಚೆನ್ನಾಗಿ, ಅಷ್ಟು ಸ್ಪಷ್ಟವಾಗಿ ಇನ್ಯಾರೂ ಬರೆಯುತ್ತಿರಲಿಲ್ಲ. ಕಳಿಸಿ, ಮನೆಗೆ ಹೋದಳು.

ಬೆಳಗ್ಗೆ ಎದ್ದು ನೋಡಿದರೆ ಪ್ರಾಂಶುಪಾಲರು ಅದನ್ನು ತೆರೆದೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವಳು ಪೂರ್ತಿ ವಾಕ್ಯಗಳಲ್ಲಿ ಮಾತಾಡುವುದು ಅಕ್ಕನ ಹತ್ತಿರ ಮಾತ್ರ.

"ಇವತ್ತೇ ಅಲ್ವೇನೇ ನಿನ್ನ ಬಡ್ತಿ ಆರ್ಡರ್ ಕೊಡೋದು?" ಎಂದಳು ಅಕ್ಕ.

"ಹೂಂ. ಈ ಮಕ್ಕಳ ಪಟ್ಟಿಗೆ ಸಹಿ ಹಾಕೋ ಮೀಟಿಂಗಲ್ಲೇ."

"ಹಾಗಾದ್ರೆ ಮೊದಲು ಅದು ಕೈಗೆ ಬರಲಿ. ಈ ಗೋಳೆಲ್ಲ ಆಮೇಲೆ ಹೇಳಿದ್ರಾಯ್ತು. ಕೈಗೆ ಬಂದ ತುತ್ತನ್ನ ನೀನೇ ಚೆಲ್ಲಿಕೊಳ್ತೀಯಾ?"

"ಆಮೇಲೆ ಅಂದ್ರೆ ಅವರು ಸಹಿ ಹಾಕಿರ್ತಾರೆ ಅಕ್ಕ."

"ಒಂದು ದಿನದಲ್ಲಿ ಆಕಾಶ ಕಳಚಿ ಬೀಳಲ್ಲ ಕಣೇ." ಅಕ್ಕನ ತಪ್ಪೇನಿಲ್ಲ ಬಿಡಿ. ತಂಗಿ ಮೇಲೆ ಬರಲಿ ಎಂದು ಯಾವ ಅಕ್ಕನಿಗಿರುವುದಿಲ್ಲ?

ಹತ್ತೂವರೆಯ ಸಭೆಯಲ್ಲಿ ಇದ್ದದ್ದು ನಾಲ್ಕೇ ಜನ. ಪ್ರಾಂಶುಪಾಲರು, ಪರೀಕ್ಷಾ ವಿಭಾಗದ ಮುಖ್ಯಸ್ಥರು, ಗಣಿತದ ಮೇಷ್ಟ್ರು, ಇವಳು. ಮೊದಲ ವಿಷಯ ಬಡ್ತಿ. ಪ್ರಾಂಶುಪಾಲರು ಆದೇಶದ ಲಕೋಟೆಯನ್ನು ಅವಳ ಮುಂದೆ ಸರಿಸಿದರು, ಉಳಿದಿಬ್ಬರು ಚಪ್ಪಾಳೆ ತಟ್ಟಿದರು. ಅವಳು ತಲೆಯಾಡಿಸಿದಳು. ಎರಡನೆಯ ವಿಷಯಕ್ಕೆ ಒಂದು ನಿಮಿಷವೂ ಬೇಕಿರಲಿಲ್ಲ. ಪರೀಕ್ಷಾ ಮುಖ್ಯಸ್ಥರು ಪಟ್ಟಿ ಮುಂದಿಟ್ಟರು, ಪ್ರಾಂಶುಪಾಲರು ಪೆನ್ನಿನ ಮುಚ್ಚಳ ತೆಗೆದರು.

ಈಗ ಹೇಳಬೇಕು. ಪೆನ್ನು ಕಾಗದದ ಕಡೆ ಇಳಿಯಿತು. ಮಾತು ಬರದಿದ್ದರೆ ಹಾಳಾಗಿ ಹೋಗಲಿ ಎಂದು ಅವಳು ಕೈ ಚಾಚಿ, ಸಹಿ ಹಾಕುವ ಜಾಗದ ಮೇಲೆ ಅಂಗೈ ಇಟ್ಟುಬಿಟ್ಟಳು.

ಮೂವರೂ ಅವಳನ್ನೇ ನೋಡಿದರು.

"ಇವರು ನಕಲು ಮಾಡಿಲ್ಲ," ಎಂದಳು. ತನ್ನ ಕೈಚೀಲದಿಂದ ಆ ಇಪ್ಪತ್ತೇಳು ಹಾಳೆಗಳನ್ನು ತೆಗೆದು ಗಣಿತದ ಮೇಷ್ಟ್ರ ಮುಂದೆ ಹರವಿದಳು. "ಲೆಕ್ಕ ಮಾಡ್ತಿದ್ರು. ನೀವೇ ನೋಡಿ ಸರ್."

ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದಾಗಿ ನೋಡಿದರು. "ಅಯ್ಯೋ, ಇವರೆಲ್ಲ ನನ್ನ ಮಾತು ಕೇಳಿದವರು," ಎಂದರು. "ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಕಂಪ್ಯೂಟರ್ ಮುಟ್ಟಿ ಅಂತ ನಾನೇ ಬಡ್ಕೊಂಡಿದ್ದೆ."

ಪರೀಕ್ಷಾ ಮುಖ್ಯಸ್ಥರು ಬೆಣ್ಣೆಯಿಂದ ಕೂದಲು ತೆಗೆಯುವುದರಲ್ಲಿ ನಿಪುಣರು. "ತಂತ್ರಾಂಶದವರದ್ದೇ ತಪ್ಪು ಅಂತ ಹೇಳಿಬಿಡೋಣ ಸರ್. ನಮ್ಮ ಯಾರ ಮರ್ಯಾದೆಗೂ ಧಕ್ಕೆಯಿಲ್ಲ."

ತಪ್ಪಿಸಿಕೊಳ್ಳುವ ಬಾಗಿಲು ಅಷ್ಟಗಲ ತೆರೆದಿತ್ತು. ಸುಮ್ಮನಿದ್ದರೆ ಸಾಕಿತ್ತು, ಅದು ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯೂ ಅಲ್ಲ.

"ಅವರು ಹತ್ತು ನಿಮಿಷ ಅಂತ ಇಟ್ಟು ಕೊಟ್ಟಿದ್ರು," ಎಂದಳು. "ತೊಂಬತ್ತು ಸೆಕೆಂಡಿಗೆ ಇಳಿಸಿದ್ದು ನಾನು."

ಪ್ರಾಂಶುಪಾಲರು ಪೆನ್ನಿಗೆ ಮುಚ್ಚಳ ಹಾಕಿದರು. ಲಕೋಟೆಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. "ಇದು ಸದ್ಯಕ್ಕೆ ನನ್ನ ಹತ್ತಿರ ಇರಲಿ. ಹೊರಗೆ ತಂದೆತಾಯಿಗಳು ಕಾಯ್ತಿದ್ದಾರೆ. ನೀವು ನಾಲ್ಕು ಸಾಲು ಬರೆದುಕೊಡಿ, ಗುಮಾಸ್ತರ ಹತ್ರ ಓದಿಸ್ತೀನಿ."

"ಬೇಡ ಸರ್, ನಾನೇ ಹೇಳ್ತೀನಿ."

ಸಭಾಂಗಣದಲ್ಲಿ ಐವತ್ತು ಅರವತ್ತು ಜನ ಕೂತಿದ್ದರು. ಒಬ್ಬೊಬ್ಬರ ಮುಖ ಒಂದೊಂದು ಗಂಟು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಮಕ್ಕಳು ತಪ್ಪು ಮಾಡಿಲ್ಲ, ತಪ್ಪು ನನ್ನದು, ಫಲಿತಾಂಶ ರದ್ದಾಗುವುದಿಲ್ಲ ಎಂದು ಮೂರು ವಾಕ್ಯದಲ್ಲಿ ಹೇಳಿದಳು. ಕೆಲವರು ಅತ್ತರು, ಕೆಲವರು ಬೈದರು. ಬೈಗುಳವನ್ನು ನಿಂತು ಕೇಳಿಸಿಕೊಂಡಳು. ಅಬ್ಬ, ಮುಗಿಯಿತು ಎನ್ನುವಾಗ ಮುಂದಿನ ಸಾಲಿನಿಂದ ಒಬ್ಬ ಎದ್ದ. ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್ಕು, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಪಕ್ಕದಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಳು.

"ಮೂರು ದಿನದಿಂದ ಇವಳು ಒಂದೇ ಮಾತು ಹೇಳ್ತಿದ್ಲು ಮೇಡಂ. ಅಪ್ಪಾ, ನಾನು ಯೋಚನೆ ಮಾಡ್ತಾ ಕೂತಿದ್ದೆ ಅಂತ. ಎರಡು ದಿನ ತಡ್ಕೊಂಡೆ. ನೆನ್ನೆ ರಾತ್ರಿ ಊಟಕ್ಕೆ ಕೂತಾಗ ಮತ್ತೆ ಅದನ್ನೇ ಅಂದ್ಲು. ಮಿಷನ್ನು ಸುಳ್ಳು ಹೇಳುತ್ತೇನೇ ಅಂತ ಕೆನ್ನೆಗೆ ಬಾರಿಸಿಬಿಟ್ಟೆ. ಹುಟ್ಟಿದಾಗಿನಿಂದ ಇವಳ ಮೇಲೆ ಕೈ ಎತ್ತಿದವನಲ್ಲ ನಾನು. ಅದನ್ನ ಹೇಗೆ ವಾಪಸ್ ತಗೊಳ್ಳಲಿ, ಹೇಳಿ."

ನೆನ್ನೆ ರಾತ್ರಿ. ಅವಳು ತನ್ನ ಮನೆಯಲ್ಲಿ ಕೂತು, ಇಮೇಲ್ ಚೆನ್ನಾಗಿ ಬಂದಿದೆ ಎಂದು ಸಮಾಧಾನಪಟ್ಟುಕೊಂಡಿದ್ದ ಹೊತ್ತು. ಆದರೆ ಆ ಮನುಷ್ಯ ಕೇಳಿದ್ದು ತನ್ನ ಪಾಪದ ಬಗ್ಗೆ, ಅವಳದರ ಬಗ್ಗೆ ಅಲ್ಲ. ಅವಳು ತಡಮಾಡಿದ್ದು ಅಲ್ಲಿ ಕೂತ ತಂದೆತಾಯಿಗಳಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ, ತಿಳಿಯುವ ಸಂಭವವೂ ಇರಲಿಲ್ಲ.

"ನನಗೆ ನೆನ್ನೆ ನಾಲ್ಕು ಗಂಟೆಗೇ ಗೊತ್ತಾಗಿತ್ತು," ಎಂದಳು. "ಪ್ರಾಂಶುಪಾಲರ ಬಾಗಿಲ ತನಕ ಹೋಗಿದ್ದೆ. ಒಳಗೆ ಜನ ಇದ್ರು ಅಂತ ವಾಪಸ್ ಬಂದೆ. ಆಗಲೇ ಹೇಳಿದ್ರೆ ಸಂಜೆಯೊಳಗೆ ನಿಮಗೆ ಫೋನ್ ಬರ್ತಿತ್ತು."

ಹುಡುಗಿ ತಲೆ ಎತ್ತಿ ಮೊದಲ ಸಲ ಅವಳನ್ನು ನೋಡಿದಳು. ಎಡಗೆನ್ನೆ ಇನ್ನೂ ಸ್ವಲ್ಪ ಊದಿತ್ತು.

ಮೆಕ್ಯಾನಿಕ್ಕು ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಮೆಲ್ಲಗೆ ಹೇಳಿದ: "ಹಾಗಾದ್ರೆ ಆ ಏಟಲ್ಲಿ ಅರ್ಧ ನಿಮ್ಮದು ಮೇಡಂ."

"ಹೌದು," ಎಂದಳು ಅವಳು, ಹಿಂದಿನ ಸಾಲಿಗೂ ಕೇಳಿಸುವ ಹಾಗೆ.