ಪಾಲುಪತ್ರದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೋಂದಣಿ ಕಚೇರಿಯ ಎದುರು, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಅಕ್ಕ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಎದುರಿಗೆ, ಪಾಲಿನಲ್ಲಿ ಬೇಕರಿ ತೆರೆಯಲು ಹೊರಟ ಅತ್ತೆ ಸೊಸೆ. ‘ಪಾಲುದಾರರಲ್ಲಿ ಒಬ್ಬರು ತೀರಿಕೊಂಡರೆ’ ಎಂಬ ಪಾಲುಪತ್ರದ ಸಾಲನ್ನು ಅಕ್ಕ ಓದಿದ್ದೇ ತಡ, ಅತ್ತೆಯ ಮುಖ ಗಂಟಾಗುತ್ತದೆ. ಶುರುವಿನಲ್ಲೇ ಇಂಥ ಮಾತೇಕೆ ಎಂದು ಅವರ ತಕರಾರು. ಸೊಸೆ ಕಿಟಕಿಯ ಕಡೆ ತಿರುಗುತ್ತಾಳೆ.

"ಬರೀದೇ ಇದ್ರೂ ಒಂದಿನ ಎಲ್ರೂ ಹೋಗೋರೇ ಅಮ್ಮ. ಬರೆದಿಟ್ರೆ ಬೇಕರಿಯಾದ್ರೂ ಉಳಿಯುತ್ತೆ," ಎನ್ನುತ್ತಾರೆ ಅಕ್ಕ.

ಅತ್ತೆ ಸೊಸೆಯ ಕಡೆ ಕೈ ತೋರಿಸಿ, "ಹಾಗಾದ್ರೆ ನನ್ನ ಪಾಲು ಇವಳಿಗೇ ಅಂತ ಬರೀರಿ," ಎನ್ನುತ್ತಾರೆ. ಸೊಸೆ ಕಿಟಕಿ ಬಿಟ್ಟು ಇತ್ತ ನೋಡುತ್ತಾಳೆ. ಅಕ್ಕ ಏನೂ ಗಮನಿಸದವರಂತೆ ಅದನ್ನೇ ಟೈಪ್ ಮಾಡುತ್ತಾರೆ.

ಆ ಸಾಲಿನ ಬೆಲೆ ಅಕ್ಕನಿಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಅವರ ಗಂಡ, ಗೆಳೆಯನೊಡನೆ ಸೇರಿ ಪ್ರೆಸ್ ನಡೆಸುತ್ತಿದ್ದರು. ಗಂಡ ಹಠಾತ್ತನೆ ತೀರಿಕೊಂಡರು. ಆಗಿನ ಕಾನೂನಿನಂತೆ ಇಬ್ಬರಲ್ಲಿ ಒಬ್ಬರು ಹೋದರೆ ಸಂಸ್ಥೆಯೂ ಮುಗಿದಂತೆ. ಯಂತ್ರ ಮಾರಿದರೂ ಸಾಲ ತೀರಲಿಲ್ಲ. ಅದಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆಯಾಗಿತ್ತು. ಇಬ್ಬರ ಮನೆಗಳೂ ಕೈಬಿಟ್ಟುಹೋದವು, ಎರಡು ಕುಟುಂಬಗಳ ನಡುವೆ ಮಾತೂ ನಿಂತಿತು. ಅಕ್ಕ ಮಗಳನ್ನು ಕಟ್ಟಿಕೊಂಡು ಬಾಡಿಗೆ ಕೋಣೆ ಸೇರಿದರು. ಟೈಪಿಂಗ್ ಕಲಿತು, ಹೊಟ್ಟೆಪಾಡಿಗೆ ಬೇರೆಯವರ ಪಾಲುಪತ್ರಗಳನ್ನು ಮಾಡಿಕೊಡತೊಡಗಿದರು.

ಪಾಲುದಾರಿಕೆ ಕಾನೂನು ತಿದ್ದಲು ಸಮಿತಿಯೊಂದು ಜನರ ಅಭಿಪ್ರಾಯ ಕೇಳಿದಾಗ, ಅಕ್ಕನೂ ಬಾಗಿಲು ಎಳೆದುಕೊಂಡು ಹೋದರು. ವಕೀಲರೆಲ್ಲ ಮಾತಾಡಿ ಮುಗಿಸಿದ ಮೇಲೆ ಎದ್ದು ನಿಂತರು.

"ನಮ್ಮನೆಯವರು ಹೋದ್ರು, ಅದು ಯಾರ ಕೈಲೂ ಇರ್ಲಿಲ್ಲ. ಪ್ರೆಸ್ ಯಾಕೆ ಹೋಗ್ಬೇಕಿತ್ತು?"

ಮುಂದೆ ಹೊಸ ಬಗೆಯ ಪಾಲುದಾರಿಕೆಗೆ ಕಾನೂನಿನಲ್ಲಿ ಜಾಗ ಸಿಕ್ಕಿತು. ಅದರಲ್ಲಿ ಸಂಸ್ಥೆಗೆ ಅದರದೇ ಅಸ್ತಿತ್ವ. ಒಬ್ಬರು ಹೋದರೆ ಇನ್ನೊಬ್ಬರನ್ನು ಸೇರಿಸಿಕೊಂಡು ನಡೆಸಬಹುದು. ಮುಳುಗಿದರೆ ಹಾಕಿದ ಬಂಡವಾಳ ಹೋದೀತೇ ಹೊರತು ತಲೆಯ ಮೇಲಿನ ಸೂರಲ್ಲ. ಇದರಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರೆ, ಅವತ್ತು ತುಂಬ ಜನ ಮಾತಾಡಿದ್ದರು ಎಂದು ಅಕ್ಕ ತೇಲಿಸಿಬಿಡುತ್ತಾರೆ.

ಕಾನೂನು ಬಂದ ವರ್ಷವೇ ಗಂಡನ ಗೆಳೆಯ ಈ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ತಲೆ ಪೂರ್ತಿ ನರೆತಿತ್ತು. ಮತ್ತೆ ಪ್ರೆಸ್ ಹಾಕುತ್ತೇನೆ, ಪತ್ರ ಮಾಡಿಕೊಡಿ ಎಂದರು. ಇನ್ನೊಬ್ಬ ಪಾಲುದಾರರು ಯಾರೆಂದು ಅಕ್ಕ ತಲೆಯೆತ್ತದೆ ಕೇಳಿದರು.

"ನಿಮ್ಮ ಹೆಸರೇ ಹಾಕಿ ಅತ್ತಿಗೆ. ಅವನ ಜಾಗದಲ್ಲಿ ಇನ್ಯಾರನ್ನ ಕೂರಿಸ್ಲಿ?"

ತಾವು ಮಾಡಿದ ಪತ್ರಗಳಲ್ಲೆಲ್ಲ ಹೆಚ್ಚು ತಪ್ಪಿದ್ದದ್ದು ಅದರಲ್ಲೇ ಎಂದು ಅಕ್ಕ ಈಗ ನಗುತ್ತಾರೆ. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲವಂತೆ. ಆ ಪ್ರೆಸ್ ಈಗ ಈ ಕೋಣೆಯ ಹಿಂದಿನ ಬೀದಿಯಲ್ಲೇ ಓಡುತ್ತಿದೆ. ಸಂಜೆ ಅಕ್ಕ ಅಲ್ಲಿ ಕರಡು ತಿದ್ದುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ ಕೋಣೆಯನ್ನೊಮ್ಮೆ ಕಣ್ಣಲ್ಲೇ ಅಳೆಯುತ್ತಾರೆ.

"ಒಂದು ಉದ್ದನೆ ಬೆಂಚು ಹಾಕಿಸ್ಬೇಕು. ಎದುರುಬದುರು ಕೂತ್ರೆ ಚೌಕಾಸಿ ಮಾಡ್ತಾರೆ. ಪಕ್ಕಪಕ್ಕ ಕೂತ್ರೆ ಅಂಗಡಿಗೆ ಏನು ಹೆಸರಿಡೋದು ಅಂತ ಮಾತಾಡ್ಕೋತಾರೆ."